ಆಯಿ

ಬಡಗಲಿಗೆ ಭೀಮೆ, ತೆಂಕಲಿಗೆ ಕೃಷ್ಣೆ. ನಡುವೆ ಡೋಣಿ ಹೊಳೆಯ ಕರಿಯ ನೆಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಈ ಸೀಮೆಯ ಊರುಗಳು. ಇಲ್ಲಿಯ ಮಕ್ಕಳು ಅಜ್ಜಿಯನ್ನು ‘ಆಯಿ’ ಎಂದು ಕರೆಯುತ್ತಾರೆ. ಮೊದಲ ಮೊಮ್ಮಗು ತೊದಲು ನುಡಿಯಲ್ಲಿ ಹಾಗೆಂದು ಕರೆದ ದಿನದಿಂದ ಒಕ್ಕಲುಮನೆಯ ಹಿರಿಯಳಿಗೆ ಅದೇ ಹೆಸರಾಗುತ್ತಿತ್ತು. ಸೊಸೆಯಂದಿರಿಗೆ, ನೆರೆಹೊರೆಯವರಿಗೆ, ಕೊನೆಗೆ ಬಾಗಿಲಿಗೆ ಬರುವ ಬಳೆಗಾರನಿಗೂ ಆಕೆ ಆಯಿಯೇ. ತೊಟ್ಟಿಲಲ್ಲಿ ಇಟ್ಟ ಹೆಸರು ತವರಿನಲ್ಲಿಯೇ ಉಳಿದುಹೋಗುತ್ತಿತ್ತು.

ಹೆಸರಿನ ವಿಷಯದಲ್ಲಿ ಆಕೆಯೂ ಬಲು ಕಟ್ಟುನಿಟ್ಟು. ಗಂಡನ ಹೆಸರನ್ನು ಬಾಯಲ್ಲಿ ತರುತ್ತಿರಲಿಲ್ಲ; ಮದುವೆ, ಕುಬಸಗಳಲ್ಲಿ ಗೆಳತಿಯರು ಕಾಡಿದರೆ ಒಡಪಿನಲ್ಲಿ ಸೇರಿಸಿ ಹೇಳಿ ಸೆರಗನ್ನು ಬಾಯಿಗೆ ಹಿಡಿಯುತ್ತಿದ್ದಳು, ಅಷ್ಟೆ. ಗತಿಸಿದ ಹಿರಿಯರ ಹೆಸರನ್ನು ಹುಟ್ಟಿದ ಮಗುವಿಗೆ ಇಡುವುದು ರೂಢಿ. ಮೊಮ್ಮಗನಿಗೆ ಅಜ್ಜನ ಹೆಸರು ಬಂದರೆ ಆತನನ್ನೂ ಹೆಸರಿಡಿದು ಕೂಗುವಂತಿಲ್ಲ. “ಯಪ್ಪಾ, ಉಂಡು ಹೋಗೋ” ಎಂಬ ಕರೆ ಆ ಸೀಮೆಯ ಓಣಿಗಳಲ್ಲಿ ಕೇಳಿಬರುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಆಯಿಯ ದಿನ ಕೋಳಿ ಕೂಗುವ ಮೊದಲೇ ಬೀಸುವ ಕಲ್ಲಿನ ಮುಂದೆ ಆರಂಭವಾಗುತ್ತಿತ್ತು. ಜೋಳದ ಹಿಟ್ಟು ಬಹುದಿನ ಇಟ್ಟರೆ ರೊಟ್ಟಿ ತಟ್ಟುವಾಗ ಬಿರಿಯುತ್ತದೆ. ಆದುದರಿಂದ ಅಂದಂದಿನ ಹಿಟ್ಟು ಅಂದಂದಿಗೆ ಆಗಬೇಕು. ಹತ್ತು ಹನ್ನೆರಡು ಮಂದಿ ಉಣ್ಣುವ ಮನೆಯಲ್ಲಿ ಇದು ಒಬ್ಬಳಿಂದ ಆಗುವ ಕೆಲಸವಲ್ಲ. ಅತ್ತೆ ಸೊಸೆಯರು ಎದುರುಬದುರಾಗಿ ಕುಳಿತು ಒಂದೇ ಗೂಟವನ್ನು ಹಿಡಿದು ಬೀಸುತ್ತಿದ್ದರು. ಹಿಂದಿನ ದಿನ ಎಷ್ಟೇ ಜಗಳವಾಡಿದ್ದರೂ ನಸುಕಿನಲ್ಲಿ ಇಬ್ಬರ ಕೈಗಳೂ ಒಂದೇ ಸುತ್ತಿಗೆ ಹೊಂದಿಕೊಳ್ಳಬೇಕು. ಇಲ್ಲವಾದರೆ ಕಲ್ಲು ತಿರುಗದು. ಆ ತಿರುಗಣೆಗೆ ತಕ್ಕಂತೆ ಮೂರು ಸಾಲಿನ ಹಾಡು ಹೊರಡುತ್ತಿತ್ತು. ಮೊದಲು ದೇವರು, ಬೀಸುವ ಕಲ್ಲು. ಆಮೇಲೆ ಮಳೆ, ಮಗು, ಅಣ್ಣತಮ್ಮಂದಿರು, ತವರುಮನೆ. ಎಳೆಯ ವಯಸ್ಸಿನಲ್ಲಿಯೇ ಬಿಟ್ಟು ಬಂದ ತವರನ್ನು ಎಪ್ಪತ್ತು ದಾಟಿದ ಮುದುಕಿಯೂ ನಿನ್ನೆ ಬಿಟ್ಟವಳಂತೆ ಹಾಡುತ್ತಿದ್ದಳು. ಸೊಸೆಯೂ ಅದನ್ನೇ ಹಾಡುತ್ತಿದ್ದಳು. ಅತ್ತೆಗೂ ಒಂದು ತವರು ಇತ್ತೆಂಬುದು ಸೊಸೆಗೆ ತಿಳಿದುಬರುತ್ತಿದ್ದ ಹೊತ್ತು ಬಹುಶಃ ಅದೊಂದೇ.

ಡೋಣಿ ಬೆಳೆದರೆ ತಿನ್ನುವವರಿಲ್ಲ, ಬೆಳೆಯದಿದ್ದರೂ ತಿನ್ನುವವರಿಲ್ಲ ಎಂಬ ಅರ್ಥದ ಹಳೆಯ ಮಾತೊಂದು ಇಲ್ಲಿದೆ. ಬೆಳೆದರೆ ಉಂಡು ಮುಗಿಯದಷ್ಟು ಜೋಳ; ಬೆಳೆಯದಿದ್ದರೆ ಊರಿನಲ್ಲಿ ಜನವೇ ಉಳಿಯದು. ಈ ಮಾತು ಉತ್ಪ್ರೇಕ್ಷೆಯಲ್ಲ. 1876ರಿಂದ 1878ರವರೆಗಿನ ಬರದಲ್ಲಿ, ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಈ ಪ್ರದೇಶವು ಹೇಳತೀರದಷ್ಟು ನೊಂದಿತು. 1872ರಲ್ಲಿ 8 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರ ಗಣತಿಯ ವೇಳೆಗೆ 6 ಲಕ್ಷ 40 ಸಾವಿರದ ಒಳಗೆ ಇಳಿದಿತ್ತು. ಇಂಥ ನೆಲದಲ್ಲಿ ಕಾಳನ್ನು ಕಾಯುವುದು ಪ್ರಾಣವನ್ನು ಕಾಯುವ ಕೆಲಸ. ನೆಲವನ್ನು ಆಳವಾಗಿ ತೋಡಿ ಮಾಡಿದ ಹಗೇವಿನಲ್ಲಿ ಜೋಳವನ್ನು ತುಂಬಿ ಬಾಯಿ ಮುಚ್ಚುತ್ತಿದ್ದರು. ಅದನ್ನು ಯಾವಾಗ ತೆರೆಯಬೇಕು, ಎಷ್ಟು ತೆಗೆಯಬೇಕು ಎಂಬಲ್ಲಿ ಆಯಿಯ ಮಾತೇ ನಡೆಯುತ್ತಿತ್ತು. ತೆರೆದೊಡನೆ ಒಳಗೆ ಇಳಿಯಲು ಆತುರಪಡುವ ಹುಡುಗರನ್ನು ಆಕೆ ಗದರಿಸಿ ದೂರ ನಿಲ್ಲಿಸುತ್ತಿದ್ದಳು. ಮುಚ್ಚಿದ ಹಗೇವಿನೊಳಗಿನ ಕೆಟ್ಟ ಗಾಳಿ ಆಳನ್ನು ಕೊಲ್ಲಬಲ್ಲದೆಂಬುದನ್ನು ಆಕೆ ಪುಸ್ತಕ ಓದಿ ತಿಳಿದಿರಲಿಲ್ಲ.

ಹಗೇವು ಬರಿದಾದ ವರ್ಷ ಗುಳೆ ಹೋಗುವುದೊಂದೇ ದಾರಿ. 1972ರ ಸುಮಾರಿನ ಬರವನ್ನು ಕಂಡವರು ಅದನ್ನು ಮರೆಯಲಿಲ್ಲ. ದುಡಿಯಬಲ್ಲ ಗಂಡುಹೆಣ್ಣುಗಳು ಮಹಾರಾಷ್ಟ್ರದ ಕಡೆಗೆ, ಗೋವೆಯ ಕಡೆಗೆ ಕೂಲಿಗಾಗಿ ಹೊರಟರೆ ಮನೆಯಲ್ಲಿ ಉಳಿಯುವವರು ಆಯಿ ಮತ್ತು ಮೊಮ್ಮಕ್ಕಳು. ಶಾಲೆ ಬಿಡಬಾರದೆಂದು ಉಳಿದ ಮಕ್ಕಳು ಓದಿದ್ದು ಆಕೆಯ ರೊಟ್ಟಿಯ ಬಲದಿಂದ. ಹಿಟ್ಟು ಕಡಮೆಯಿದ್ದ ರಾತ್ರಿ “ಆಯಿ, ನೀ ಉಣ್ಣಲಿಲ್ಲಾ?” ಎಂದು ಮಗು ಕೇಳಿದರೆ “ನಂದು ಆಗಳೇ ಆತೋ ಯಪ್ಪಾ” ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಎಷ್ಟು ಮನೆಗಳಲ್ಲಿ ಈ ಸುಳ್ಳು ನಡೆದಿತೋ ಲೆಕ್ಕವಿಟ್ಟವರಿಲ್ಲ.

ಮಳೆ ಬಂದು ಬೆಳೆ ನಿಂತ ವರ್ಷ ಎಳ್ಳಮಾವಾಸ್ಯೆಯ ಸಡಗರ. ಹೊಲ ಬಸುರಿ, ಅವಳಿಗೆ ಬಯಕೆಯ ಊಟ ಬಡಿಸಬೇಕು. ಸಜ್ಜೆಯ ಕಡುಬು, ಶೇಂಗಾದ ಹೋಳಿಗೆ, ಪುಂಡಿಪಲ್ಯಗಳನ್ನು ಬುತ್ತಿ ಕಟ್ಟಿಸಿ ಆಯಿ ಬಂಡಿಯೇರುತ್ತಿದ್ದಳು. ಚರಗ ಚೆಲ್ಲಿ ನೆಲಕ್ಕೆ ಮೊದಲ ತುತ್ತು ಸಲ್ಲುವವರೆಗೆ ಯಾರೂ ಬುತ್ತಿ ಬಿಚ್ಚುವಂತಿರಲಿಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆರೆಯವಳಾದ ಆಕೆಗೆ ದುಡಿಮೆ ಬೇರೆ, ಪೂಜೆ ಬೇರೆ ಎಂದು ಯಾರೂ ಕಲಿಸಿರಲಿಲ್ಲ.

ಇಂಥ ಆಯಂದಿರ ಹಾಡನ್ನು ಮೊದಲು ಮನಸ್ಸಿಟ್ಟು ಆಲಿಸಿದವರು ಅದೇ ನೆಲದ ತರುಣರು. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿಕೊಂಡರು. ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ಅನಂತರ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ಗಳು ಬಂದವು. ನಾಡಿನ ವಿದ್ವಾಂಸರು ಬೆರಗಾಗಿ ಓದಿದರು. ಆದರೆ ‘ಗರತಿಯ ಹಾಡಿ’ನಲ್ಲಿ ಪದ್ಯಗಳ ಕೆಳಗೆ ಹಾಡಿದವಳ ಹೆಸರಿಲ್ಲ. ಹಾಡು ಒಬ್ಬಳ ಸ್ವತ್ತಲ್ಲ, ಬಾಯಿಂದ ಬಾಯಿಗೆ ಬಂದುದು, ಹೆಸರಿಡುವುದು ಹೇಗೆ ಎಂದು ಕೇಳಬಹುದು. ಅದು ನಿಜ. ಆದರೂ ಕರೆದಿದ್ದರೆ ಆಕೆಗೆ ಒಂದು ಹೆಸರಿತ್ತು.

ಹಳ್ಳಿಹಳ್ಳಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ರಟ್ಟೆಗೆ ವಿಶ್ರಾಂತಿ ದೊರೆಯಿತು. ಅದಕ್ಕೆ ಯಾವ ಹೆಣ್ಣುಮಗಳೂ ಮರುಗಲಿಲ್ಲ, ಮರುಗಬೇಕಾಗಿಯೂ ಇರಲಿಲ್ಲ. ಮದುವೆಯ ಅರಿಸಿನ ಬೀಸುವ ದಿನ ಮಾತ್ರ ಕಲ್ಲನ್ನು ತೊಳೆದು, ಕುಂಕುಮ ಹಚ್ಚಿ ಅಂಗಳಕ್ಕೆ ತರುವ ಪದ್ಧತಿ ಹಲವು ಮನೆಗಳಲ್ಲಿ ಇದೆ. ಮುತ್ತೈದೆಯರು ಗೂಟಕ್ಕೆ ಕೈಹಚ್ಚುತ್ತಾರೆ. ಹಾಡು ಯಾರಿಗೂ ಪೂರ್ತಿ ಬಾರದು. ಆಗ ಒಳಗಿನಿಂದ ಆಯಿಯನ್ನು ಕೈಹಿಡಿದು ಕರೆತಂದು ಕಲ್ಲಿನ ಪಕ್ಕದಲ್ಲಿ ಕೂರಿಸುತ್ತಾರೆ. ಆಕೆಗೆ ಎಷ್ಟು ಸಾಲು ನೆನಪಿದೆಯೋ ಅಷ್ಟು ಹೊತ್ತು ಕಲ್ಲು ತಿರುಗುತ್ತದೆ.