ಚಿತ್ರ ಹಗುರವಾಯಿತು, ಅಂಕಿ ಉಳಿಯಿತೇ?

ಮಕ್ಕಳೇ, ನಿಮ್ಮ ಚೌಕುಳಿ ಪುಸ್ತಕ ತೆಗೆಯಿರಿ. ಒಂದು ಸಾಲಿನಲ್ಲಿ 20 ಚೌಕ ಗುರುತಿಸಿ. ಮೊದಲ 12 ಖಾಲಿ ಬಿಡಿ, ಮುಂದಿನ 3ಕ್ಕೆ ಕಪ್ಪು ತುಂಬಿ, ಉಳಿದ 5 ಖಾಲಿ ಇರಲಿ. ಇದನ್ನು ಪಕ್ಕದ ಗೆಳತಿಗೆ ತೋರಿಸದೆ, ಬರೀ ಬಾಯಲ್ಲಿ ಹೇಳಿ ಬರೆಸಬೇಕು. "ಬಿಳಿ, ಬಿಳಿ, ಬಿಳಿ" ಎಂದು ಒಂದೊಂದನ್ನೇ ಹೇಳುತ್ತೀರಾ? "12 ಬಿಳಿ, 3 ಕಪ್ಪು, 5 ಬಿಳಿ" ಎಂದರೆ ಸಾಕಲ್ಲವೆ? ಮಾತು ಕಡಿಮೆಯಾಯಿತು, ಚಿತ್ರ ಒಂದಿಷ್ಟೂ ಕೆಡಲಿಲ್ಲ.

ಕಂಪ್ಯೂಟರಿನ ಚಿತ್ರವೂ ಇಂಥ ಚೌಕಗಳಿಂದಲೇ ಆಗಿದೆ. ಇವೇ ಪಿಕ್ಸೆಲ್‌ಗಳು. ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಪ್ರತಿ ಪಿಕ್ಸೆಲ್‌ಗೆ 3 ಬೈಟ್ ಬೇಕು. 2,000 ಪಿಕ್ಸೆಲ್ ಅಗಲ, 1,500 ಪಿಕ್ಸೆಲ್ ಎತ್ತರದ ಫೋಟೋವನ್ನು ಹಾಗೆಯೇ ಇಟ್ಟರೆ 90 ಲಕ್ಷ ಬೈಟ್! ಲೆಕ್ಕ ಮಾಡಿ ನೋಡಿ.

1996ರಲ್ಲಿ ಬಂದ ಪಿಎನ್‌ಜಿ ರೂಪವು ಚಿತ್ರದಲ್ಲಿ ಮರುಕಳಿಸುವ ಭಾಗಗಳನ್ನು ಹುಡುಕಿ ಚುಟುಕಾಗಿ ಬರೆದಿಡುತ್ತದೆ. ತೆರೆದಾಗ ಪ್ರತಿ ಪಿಕ್ಸೆಲ್ ಮೊದಲಿನಂತೆಯೇ ಇರುತ್ತದೆ. ನಕ್ಷೆ, ರೇಖಾಚಿತ್ರ, ಬರಹಗಳಿಗೆ ಇದು ಹೇಳಿ ಮಾಡಿಸಿದ್ದು. ಆದರೆ ಹುಣಸೆ ಮರದ ಫೋಟೋದಲ್ಲಿ ಒಂದು ಎಲೆಯಂತೆ ಇನ್ನೊಂದಿಲ್ಲ. ಅಲ್ಲಿ ಈ ಉಪಾಯದಿಂದ ಹೆಚ್ಚು ಉಳಿತಾಯವಿಲ್ಲ.

ಅಂಥ ಫೋಟೋಗಳಿಗೆ 1992ರ ಜೆಪೆಗ್ ಇದೆ. ಇದು ಚಿತ್ರವನ್ನು 8 ಸಾಲು, 8 ಕಂಬಗಳ ಪುಟ್ಟ ತುಂಡುಗಳಾಗಿ ಒಡೆದು, ಕಣ್ಣಿಗೆ ಸುಲಭವಾಗಿ ಕಾಣದ ವ್ಯತ್ಯಾಸಗಳನ್ನು ಕೈಬಿಡುತ್ತದೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಹಿಡಿಯುವಷ್ಟು ಚುರುಕಾಗಿ ಬಣ್ಣದ ಸೂಕ್ಷ್ಮಗಳನ್ನು ಹಿಡಿಯದು. ಹಾಗಾಗಿ ಹಿತಮಿತವಾಗಿ ಕುಗ್ಗಿಸಿದರೆ ನಮಗೆ ಗೊತ್ತೇ ಆಗುವುದಿಲ್ಲ. ಆದರೆ ಕೈಬಿಟ್ಟದ್ದು ಮರಳಿ ಬಾರದು. ಜೆಪೆಗ್ ಚಿತ್ರವನ್ನು ಪಿಎನ್‌ಜಿಗೆ ಬದಲಿಸಿದರೂ ಬಾರದು. ಸಾಮಾನ್ಯವಾಗಿ ಫೈಲು ದಪ್ಪವಾಗುತ್ತದೆ, ಅಷ್ಟೆ.

ಇಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಮಕ್ಕಳು ದಿನವೂ ಅಳೆದು ಬರೆದಿದ್ದ ಜೂನ್ ತಿಂಗಳ ಮಳೆಯ ಪಟ್ಟಿಯ ಫೋಟೋ ಕಳಿಸಬೇಕಿತ್ತು. ಗುಣಮಟ್ಟವನ್ನು ತೀರ ಇಳಿಸಿ ಜೆಪೆಗ್ ಮಾಡಿ, ಮೂಲ ಚಿತ್ರದ ಮೇಲೆಯೇ ಉಳಿಸಿಬಿಟ್ಟೆ. ಅಂಕಿಗಳ ಸುತ್ತ ಮಸಿ ಹರಡಿದಂತಾಗಿ 3 ಯಾವುದು, 8 ಯಾವುದು ತಿಳಿಯಲಿಲ್ಲ. ಅಷ್ಟರಲ್ಲಿ ಹಾಳೆ ರದ್ದಿಗೆ ಹೋಗಿತ್ತು. ಮಕ್ಕಳಿಗೆ ಹೇಳುವಾಗ ನನಗೆ ತಲೆ ಎತ್ತಲಾಗಲಿಲ್ಲ. ಈಗ ಮೊದಲು ಪ್ರತಿ ಮಾಡಿಕೊಂಡು, ಆ ಪ್ರತಿಯನ್ನು ಮಾತ್ರ ಕುಗ್ಗಿಸುತ್ತೇನೆ.

ಶಾಲೆಯ ಕಂಪ್ಯೂಟರಿನಲ್ಲಿ ಪೇಂಟ್ ತೆರೆದು ನಿಮ್ಮ ಹೆಸರು ಬರೆಯಿರಿ. ಅದನ್ನು ಪಿಎನ್‌ಜಿಯಾಗಿ ಒಮ್ಮೆ, ಜೆಪೆಗ್ ಆಗಿ ಒಮ್ಮೆ ಉಳಿಸಿ. ಯಾವ ಫೈಲು ಚಿಕ್ಕದಿರಬಹುದು? ಮೊದಲು ಊಹಿಸಿ ಬರೆದಿಟ್ಟು, ಆಮೇಲೆ ಗಾತ್ರ ನೋಡಿ. ಎರಡನ್ನೂ ಹಿಗ್ಗಿಸಿ ಅಕ್ಷರಗಳ ಅಂಚನ್ನೂ ಗಮನಿಸಿ.