ಒಂದು ಮೀಟಿಗೆ ಎಷ್ಟು ಫ್ರೇಮು?

ನಮ್ಮ ಹತ್ರ ಇದ್ದದ್ದು ಒಂದು ನಿಮಿಷದ ವೀಣೆ ರೆಕಾರ್ಡಿಂಗ್, ಅಷ್ಟೇ. ಲಕ್ಷ್ಮೀಪುರಂನ ಗೆಳೆಯನ ಮನೆಯಲ್ಲಿದ್ದ ಹಳೇ ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದು. ಮೋಹನ ರಾಗ, ಆದಿತಾಳ. ನುಡಿಸಿದವರು ಅವನ ಅಜ್ಜಿ. ಈಗ ಬೆರಳುಗಳ ಕೀಲುನೋವಿನಿಂದ ಅವರು ವೀಣೆ ಮುಟ್ಟೋದಿಲ್ಲ. ರಾಜ್ಯೋತ್ಸವಕ್ಕೆ ಇದಕ್ಕೊಂದು ಅನಿಮೇಷನ್ ಮಾಡಬೇಕು, ಮೊದಲು ಅಜ್ಜಿಗೇ ತೋರಿಸಬೇಕು ಅಂತ ಮಾತು ಕೊಟ್ಟುಬಿಟ್ಟಿದ್ದೆವು. ಕೈಯಲ್ಲಿದ್ದದ್ದು 12 ದಿನ.

ಮೊದಲ ಸಂಜೆ ಅವರ ಮನೆ ಜಗಲಿಯಲ್ಲೇ ಬ್ರೇನ್‌ಸ್ಟಾರ್ಮಿಂಗ್. ನವಿಲುಗರಿ, ಕೊಳಲು, ಮಳೆ, ಸರಸ್ವತಿ, ಚಾಮುಂಡಿ ಬೆಟ್ಟ, ಅರಮನೆ ದೀಪ. ಹಾಳೆ ತುಂಬಿತು, ನೋಡಿದರೆ ಎಲ್ಲಾ ಕ್ಯಾಲೆಂಡರ್ ಚಿತ್ರಗಳೇ! ಹಾಗಂತ ಅವನ್ನು ಬರೆಯದೇ ಇರಬೇಡಿ. ಬರೆದು, ಗೀಟು ಎಳೆದು, ಪಕ್ಕಕ್ಕಿಡಿ. ಅವು ತಲೆಯಿಂದ ಹೊರಗೆ ಹೋಗದಿದ್ದರೆ ಬೇರೆಯದಕ್ಕೆ ಜಾಗ ಸಿಗೋದಿಲ್ಲ.

ಕಾಫಿ ತಂದ ಅಜ್ಜಿ ಹಾಳೆ ನೋಡಿ ನಕ್ಕರು. "ಚಿತ್ರ ಆಮೇಲೆ ಬರೀರಪ್ಪ. ಮೀಟಿದ ಮೇಲೆ ನಾದ ಏನಾಗತ್ತೆ, ಅದನ್ನ ಮೊದಲು ಕೇಳಿ."

ಕೇಳಿದೆವು. ಕಂಪ್ಯೂಟರಿನಲ್ಲಿ ಅಲೆಯ ಆಕಾರವನ್ನೂ ನೋಡಿದೆವು. ಪಿಟೀಲಿನ ಸ್ವರ ಕಮಾನು ಎಳೆಯುವಷ್ಟು ಹೊತ್ತೂ ಇರತ್ತೆ, ಬೇಕಾದರೆ ಬೆಳೆಯತ್ತೆ ಕೂಡ. ವೀಣೆಯದು ಹಾಗಲ್ಲ. ಥಟ್ಟನೆ ಹುಟ್ಟಿ, ಆಮೇಲೆ ಕರಗುತ್ತಾ ಹೋಗತ್ತೆ. ಅಂದರೆ ತೆರೆಯ ಮೇಲೆ ನಿಧಾನವಾಗಿ ಮೂಡುವ ಯಾವ ಆಕಾರವೂ ಇದಕ್ಕೆ ಹೊಂದೋದಿಲ್ಲ. ಮೊದಲ ಫ್ರೇಮಿನಲ್ಲೇ ಪೂರ್ತಿ ಬಂದು, ಅಲ್ಲಿಂದ ಮಾಸಬೇಕು. ಅಂಗಳದಲ್ಲಿ ಇಟ್ಟಿದ್ದ ರಂಗೋಲಿ ಚುಕ್ಕೆ ಆಗ ಕಣ್ಣಿಗೆ ಬಿತ್ತು.

ಮೋಹನದಲ್ಲಿ ಐದೇ ಸ್ವರ: ಸ ರಿ ಗ ಪ ದ. ಮಧ್ಯಮ, ನಿಷಾದ ಇಲ್ಲ. ಹಾಗಾಗಿ ಐದು ಚುಕ್ಕೆ. ಆದರೆ ಸಮ ಅಂತರದಲ್ಲಿ ಅಲ್ಲ. ಒಂದು ಸ್ಥಾಯಿಯ 12 ಸ್ಥಾನಗಳಲ್ಲಿ ಸ-ರಿ 2, ರಿ-ಗ 2, ಗ-ಪ 3, ಪ-ದ 2, ದ-ಮೇಲಿನ ಸ 3. ಅದೇ ಅಳತೆಯಲ್ಲಿ ಇಟ್ಟಾಗ ರಾಗದ ಖಾಲಿ ಜಾಗ ಕಣ್ಣಿಗೂ ಕಂಡಿತು. ಗಮಕಕ್ಕೆ ಚುಕ್ಕೆಯಿಂದ ಒಂದು ಎಳೆ. ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಬಿಗಿ ಹೆಚ್ಚಿ ಶ್ರುತಿ ಏರತ್ತೆ. ಆದ್ದರಿಂದ ಎಳೆ ತನ್ನ ಜಾಗದಿಂದ ಮೇಲಕ್ಕೆ ಬಾಗಿ ವಾಪಸ್ ಬರಬೇಕು, ಕೆಳಗೆ ಇಳಿಯಬಾರದು. ಇದನ್ನು ತಪ್ಪಾಗಿ ಬರೆದು ಎರಡು ದಿನ ಕಳೆದೆವು.

ಇನ್ನು ಲೆಕ್ಕ. ನಿಮಿಷಕ್ಕೆ 80 ಅಕ್ಷರ, ಸೆಕೆಂಡಿಗೆ 24 ಫ್ರೇಮ್ ಅಂದುಕೊಂಡರೆ ಒಂದು ಅಕ್ಷರಕ್ಕೆ 18 ಫ್ರೇಮ್. ಎಂಟು ಅಕ್ಷರದ ಆವರ್ತಕ್ಕೆ 144, ಅಂದರೆ ಆರು ಸೆಕೆಂಡು. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ ನಿಮಿಷಕ್ಕೆ 720 ಚಿತ್ರ ಸಾಕು. (ವೀಣೆಯ ಮೆಟ್ಟಿಲೂ 24! ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಖುಷಿಯಾಯ್ತು ಅಷ್ಟೇ.) ಆದರೆ ಅಜ್ಜಿ ಮೆಟ್ರೊನೋಮ್ ಅಲ್ಲವಲ್ಲ. ನಡುವೆ ಲಯ ಸ್ವಲ್ಪ ಓಡಿತ್ತು. ಅಕ್ಷರಕ್ಕೆ ಒಂದೇ ಫ್ರೇಮ್ ವ್ಯತ್ಯಾಸವಾದರೂ ಮೂರು ಆವರ್ತಕ್ಕೆ ಪೂರಾ ಒಂದು ಸೆಕೆಂಡು ಜಾರತ್ತೆ. ಕೊನೆಗೆ ಲೆಕ್ಕ ಬಿಟ್ಟು, ಪ್ರತಿ ಮೀಟನ್ನೂ ಕಿವಿಯಿಂದಲೇ ಗುರುತು ಹಾಕಿದೆವು.

ಕಥೆಯಿಲ್ಲದ ಬರೀ ಆಕಾರಗಳನ್ನು ಯಾರು ನೋಡ್ತಾರೆ ಅನ್ನೋರು 1949ರ 'ಬಿಗಾನ್ ಡಲ್ ಕೇರ್' ನೋಡಿ. ನಾರ್ಮನ್ ಮೆಕ್‌ಲಾರೆನ್, ಎವೆಲಿನ್ ಲ್ಯಾಂಬರ್ಟ್ ಇಬ್ಬರೂ ಆಸ್ಕರ್ ಪೀಟರ್ಸನ್ ಅವರ ಜಾಝ್‌ಗೆ ಫಿಲ್ಮಿನ ಮೇಲೇ ಬಣ್ಣ ಬಳಿದು, ಗೀರಿ ಮಾಡಿದ್ದು.

ಹನ್ನೊಂದನೇ ದಿನ ಅಜ್ಜಿ ನೋಡಿದರು. ಮಾತಿಲ್ಲ, ತೊಡೆ ಮೇಲೆ ತಾಳ ಮಾತ್ರ. ಆರನೇ ಆವರ್ತದಲ್ಲಿ ಕೈ ನಿಂತಿತು. "ಇಲ್ಲಿ ನನ್ನ ಬೆರಳು ಜಾರಿತ್ತು ಕಣ್ರೋ. ಆ ಚುಕ್ಕೆ ಎಲ್ಲಿ?"

ಅಪಸ್ವರ ಅಂತ ನಾವೇ ಬಿಟ್ಟಿದ್ದೆವು. ಅವತ್ತು ರಾತ್ರಿ ಕೂತು ಬರೆದೆವು: ಐದು ಚುಕ್ಕೆಗಳಾಚೆ, ಗಾಂಧಾರದ ಪಕ್ಕದಲ್ಲಿ ಒಂದು ಆರನೆಯದು. ಒಂಬತ್ತು ಚಿತ್ರ, 18 ಫ್ರೇಮ್.