ಹಳೆಯ ಕಾರಿನೊಳಗೆ ಮಳೆನೀರು: ಸೋರಿಕೆಯ ಮೂಲ ಹುಡುಕುವ ಕ್ರಮ

ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲವಿಡೀ ಬಯಲಲ್ಲಿ ನಿಲ್ಲುವ ಹಳೆಯ ಕಾರುಗಳಲ್ಲಿ ಕಾಲಡಿಯ ಕಾರ್ಪೆಟ್ ಒದ್ದೆಯಾಗುವುದು ಸಾಮಾನ್ಯ ದೂರು. ಒಳಹೊಕ್ಕ ನೀರು ತಗಡಿನ ಮಡಿಕೆಗಳ ಹಾಗೂ ವೈರುಗಳ ಗುಂಟ ಹರಿದು ದೂರದಲ್ಲೆಲ್ಲೋ ತೊಟ್ಟಿಕ್ಕುವುದರಿಂದ, ಒದ್ದೆ ಕಂಡ ಜಾಗಕ್ಕೇ ಸಿಲಿಕೋನ್ ಮೆತ್ತುವ ದುರಸ್ತಿ ಬಹುಮಟ್ಟಿಗೆ ವ್ಯರ್ಥವಾಗುತ್ತದೆ.

ಮೊದಲು ನೀರು ಯಾವುದೆಂದು ಗುರುತಿಸಬೇಕು. ಮಳೆಯಿಲ್ಲದ ದಿನವೂ ಎಸಿ ಓಡಿದ ಬಳಿಕ ಮುಂದಿನ ಎಡಸೀಟಿನ ಕಾಲಡಿ ತೇವವಾದರೆ, ಎಸಿಯ ತಂಪು ಸುರುಳಿಯ ಮೇಲೆ ಹನಿಗಟ್ಟಿದ ನೀರನ್ನು ಹೊರಬಿಡುವ ಕೊಳವೆ ಕಟ್ಟಿರುವ ಸಂಭವವೇ ಹೆಚ್ಚು. ನೀರಿಗೆ ಬಣ್ಣ, ಅಂಟು ಮತ್ತು ಸಿಹಿ ವಾಸನೆಯಿದ್ದರೆ ಅದು ಎಂಜಿನನ್ನು ತಂಪಾಗಿಡುವ ವಿಷಯುಕ್ತ ಕೂಲಂಟ್; ಆಗ ತಡಮಾಡದೆ ಮೆಕ್ಯಾನಿಕ್ ಬಳಿ ಒಯ್ಯಬೇಕು.

ಉಳಿದದ್ದು ಮಳೆನೀರು. ಕಾರ್ಪೆಟ್ಟನ್ನೂ ಅದರಡಿಯ ಫೋಮನ್ನೂ ತೆಗೆದು ಒಣಗಿಸಿ, ತಗಡನ್ನು ಒರೆಸಿ, ಅದರ ಮೇಲೆ ಹಳೆಯ ಪತ್ರಿಕೆಯ ಹಾಳೆಗಳನ್ನು ಹರಡಿದರೆ ಮೊದಲ ಹನಿ ಬಿದ್ದ ಗುರುತು ಸ್ಪಷ್ಟವಾಗಿ ಮೂಡುತ್ತದೆ. ಸೀಟಿನಡಿಯ ಹಳದಿ ವೈರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವಾದ್ದರಿಂದ ಅವುಗಳನ್ನು ಮುಟ್ಟಬಾರದು.

ಬಳಿಕ ನೋಡಬೇಕಾದದ್ದು ಕೌಲ್, ಅಂದರೆ ಬಾನೆಟ್ಟಿಗೂ ಮುಂಗಾಜಿಗೂ ನಡುವೆ ವೈಪರ್‌ಗಳ ಕೆಳಗಿರುವ ತೊಟ್ಟಿಯಂಥ ಭಾಗ. ಒಳಗೆ ಗಾಳಿ ಹೋಗುವ ಬಾಯಿಯೂ ಮಳೆನೀರು ಇಳಿದುಹೋಗುವ ರಂಧ್ರಗಳೂ ಅಲ್ಲಿಯೇ ಇರುವುದರಿಂದ, ಗುಲ್‌ಮೊಹರ್‌ನಂಥ ಮರಗಳ ಸಣ್ಣ ಎಲೆಗಳು ಜಾಲರಿಯಲ್ಲಿ ನುಸುಳಿ ಕೊಳೆತು ರಂಧ್ರ ಮುಚ್ಚಿದಾಗ ನೀರು ಏರಿ ಗಾಳಿಯ ದಾರಿಯಲ್ಲೇ ಒಳಗಿಳಿಯುತ್ತದೆ. ಯಾವ ಸೀಲಂಟನ್ನೂ ಕೊಳ್ಳುವ ಮೊದಲು ಈ ಕಸವನ್ನು ಕೈಯಿಂದ ತೆಗೆಯುವುದು ಅತ್ಯಂತ ಅಗ್ಗದ ಮತ್ತು ಹಲವು ಬಾರಿ ಸಾಕಾಗುವ ಚಿಕಿತ್ಸೆ.

ಆಗಲೂ ಸೋರಿಕೆ ನಿಲ್ಲದಿದ್ದರೆ ಪೈಪಿನ ಪರೀಕ್ಷೆ ಮಾಡಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕುಳಿತಿರುವಾಗ ಇನ್ನೊಬ್ಬರು ಹೊರಗಿನಿಂದ ನೀರನ್ನು ಸಣ್ಣಗೆ ಹರಿಯಬಿಡಬೇಕು. ಒತ್ತಡದ ಜೆಟ್ ಬಳಸಿದರೆ ಸರಿಯಿರುವ ರಬ್ಬರನ್ನೂ ದಾಟಿ ನೀರು ನುಗ್ಗಿ ದಾರಿ ತಪ್ಪಿಸುತ್ತದೆ. ನೀರು ಕೆಳಮುಖವಾಗಿ ಹರಿಯುವುದರಿಂದ ಪರೀಕ್ಷೆಯನ್ನು ಕೆಳಗಿನಿಂದ ಆರಂಭಿಸಿ, ಬಾಗಿಲಿನ ಬುಡ, ಕೌಲ್, ಮುಂಗಾಜಿನ ಕೆಳ ಅಂಚು, ಪಕ್ಕದ ಅಂಚುಗಳು, ಕೊನೆಗೆ ಚಾವಣಿ ಎಂಬ ಕ್ರಮದಲ್ಲಿ ಮೇಲೇರುತ್ತ, ಒಂದೊಂದು ಭಾಗಕ್ಕೂ ಐದು ನಿಮಿಷವಾದರೂ ಕೊಡಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲ ಕೀಲುಗಳೂ ಒಮ್ಮೆಗೇ ನೆನೆದು ಯಾವುದು ತಪ್ಪಿತಸ್ಥವೆಂದು ತಿಳಿಯದು. ಡಿಕ್ಕಿ ಒದ್ದೆಯಾಗುತ್ತಿದ್ದರೆ ಹಿಂದೀಪಗಳ ಸುತ್ತಲಿನ ರಬ್ಬರನ್ನೂ ಹೀಗೆಯೇ ನೋಡಬೇಕು.

ಬಾಗಿಲಿನ ವಿಚಾರದಲ್ಲಿ ವಿಶೇಷ ಎಚ್ಚರ ಬೇಕು. ಕಿಟಕಿಗಾಜಿನ ಅಂಚಿನಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ. ಅದು ಬುಡದ ರಂಧ್ರಗಳಿಂದ ಹೊರಹೋಗುವಂತೆ, ಒಳಬದಿಯ ಪ್ಲಾಸ್ಟಿಕ್ ಹಾಳೆ ಅದನ್ನು ತಡೆಯುವಂತೆ ರಚನೆಯಿದೆ. ಸ್ಪೀಕರ್ ಕೂರಿಸುವಾಗ ಈ ಹಾಳೆಯನ್ನು ಹರಿದು ಹಾಗೆಯೇ ಬಿಟ್ಟಿದ್ದರೆ ಹೊರಗಿನ ರಬ್ಬರ್ ಬದಲಿಸಿ ಪ್ರಯೋಜನವಿಲ್ಲ.

ಅಂಬಾಸಿಡರ್, ಮಾರುತಿ 800ರಂಥ ಕಾರುಗಳ ಮುಂಗಾಜನ್ನು ಹಿಡಿದಿಡುವ ರಬ್ಬರ್ ಬೀಡಿಂಗ್ ಬಿಸಿಲಿಗೆ ಗಡಸಾಗಿ ಬಿರಿದಿದ್ದರೆ ಹೊಸದನ್ನೇ ಹಾಕಿಸಬೇಕು. ವಿನೆಗರಿನ ವಾಸನೆ ಬೀರುವ ಸಾಮಾನ್ಯ ಸಿಲಿಕೋನಿನ ಆಮ್ಲ ತಗಡಿಗೆ ತುಕ್ಕು ಹಿಡಿಸುವುದರಿಂದ ಅದು ಸಲ್ಲದು. ಬೀಡಿಂಗಿನಡಿ ತಗಡೇ ತೂತಾಗಿದ್ದರೆ ವೆಲ್ಡಿಂಗ್ ಅನಿವಾರ್ಯ. ದುರಸ್ತಿಯ ನಂತರ ಅದೇ ಭಾಗಕ್ಕೆ ಮತ್ತೆ ನೀರು ಹರಿಸಿ, ಪತ್ರಿಕೆಯ ಹಾಳೆ ಒಣಗಿಯೇ ಉಳಿದದ್ದನ್ನು ಕಂಡ ಮೇಲಷ್ಟೇ ಕಾರ್ಪೆಟ್ ಹಾಸಬೇಕು.